ವಿಳಾಸ ರೆಡಿಂಗ್, ಕೌನ್ಸಿಲ್ ಬೇರೆ: ಸ್ಮಾಲ್‌ಮೀಡ್ ಕಸದ ಕೇಂದ್ರದ ಒಂದು ಪ್ರಕರಣ ಅಧ್ಯಯನ

ಇಂಗ್ಲೆಂಡಿನ ರೆಡಿಂಗ್ ಪಟ್ಟಣದ ಪಶ್ಚಿಮ ಅಂಚಿನಲ್ಲಿ ಕ್ಯಾಲ್ಕಾಟ್, ಟೈಲ್‌ಹರ್ಸ್ಟ್, ಪರ್ಲಿ ಎಂಬ ವಸತಿ ಪ್ರದೇಶಗಳಿವೆ. ಪಟ್ಟಣದ ನಡುವಿನಿಂದ ಬಾತ್ ರಸ್ತೆ ಹಿಡಿದು ಹೊರಟವರಿಗೆ ಊರು ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ಮನೆ, ಅಂಗಡಿ, ಶಾಲೆ, ಬಸ್ ನಿಲ್ದಾಣ ಎಲ್ಲವೂ ಒಂದರ ಬೆನ್ನಿಗೊಂದು ಬರುತ್ತಲೇ ಇರುತ್ತವೆ. ಅಂಚೆ ವಿಳಾಸದಲ್ಲಿ ರೆಡಿಂಗ್ ಎಂದೇ ಬರೆಯುತ್ತಾರೆ. ಆದರೆ ಈ ಮನೆಗಳ ನಡುವೆ ಆಡಳಿತದ ಗೆರೆಯೊಂದು ಹಾದುಹೋಗಿದೆ. ಗೆರೆಯ ಪೂರ್ವಕ್ಕೆ ರೆಡಿಂಗ್ ಬರೋ ಕೌನ್ಸಿಲ್, ಪಶ್ಚಿಮಕ್ಕೆ ವೆಸ್ಟ್ ಬರ್ಕ್‌ಷೈರ್ ಕೌನ್ಸಿಲ್. ಟೈಲ್‌ಹರ್ಸ್ಟ್ ಅಂತೂ ಎರಡು ಹೋಳಾಗಿದೆ: ಒಂದು ಭಾಗ ಅತ್ತ, ಇನ್ನೊಂದು ಇತ್ತ. ಆರ್‌ಜಿ 31 ಎಂಬ ಒಂದೇ ಅಂಚೆ ವಲಯದಲ್ಲಿ ಎರಡೂ ಕೌನ್ಸಿಲ್‌ಗಳ ಬೀದಿಗಳಿವೆ.

ದಿನನಿತ್ಯದ ಬದುಕಿನಲ್ಲಿ ಈ ಗೆರೆ ಯಾರನ್ನೂ ತಡೆಯುವುದಿಲ್ಲ. ಗೆರೆಯ ಆಚೆಯವರು ಈಚೆ ಕೆಲಸಕ್ಕೆ ಬರುತ್ತಾರೆ, ಈಚೆಯವರು ಆಚೆ ಸಾಮಾನು ಕೊಳ್ಳುತ್ತಾರೆ. ತಡೆ ಎದುರಾಗುವುದು ಹಳೆಯ ಸೋಫಾ, ಕೆಟ್ಟ ತೊಳೆಯುವ ಯಂತ್ರ, ಒಡೆದ ಬೀರು ಇವನ್ನು ಕಾರಿನಲ್ಲಿ ಹೇರಿಕೊಂಡು ಸ್ಮಾಲ್‌ಮೀಡ್‌ಗೆ ಹೊರಟಾಗ. ಪಟ್ಟಣದ ದಕ್ಷಿಣಕ್ಕೆ, ಎ33 ಹೆದ್ದಾರಿಯ ಪಕ್ಕದ ಐಲೆಂಡ್ ರಸ್ತೆಯಲ್ಲಿರುವ ಸ್ಮಾಲ್‌ಮೀಡ್ ಈ ಭಾಗದ ದೊಡ್ಡ ಮರುಬಳಕೆ ಕೇಂದ್ರ. ಅದು ರೆಡಿಂಗ್, ವೋಕಿಂಗ್‌ಹ್ಯಾಮ್, ಬ್ರ್ಯಾಕ್ನೆಲ್ ಫಾರೆಸ್ಟ್ ಎಂಬ ಮೂರು ಕೌನ್ಸಿಲ್‌ಗಳ ನಿವಾಸಿಗಳಿಗೆ ಮೀಸಲು. ವೆಸ್ಟ್ ಬರ್ಕ್‌ಷೈರ್‌ನವರಿಗೆ 2016ರಲ್ಲಿ ಅಲ್ಲಿನ ಬಾಗಿಲು ಮುಚ್ಚಿತು.

‘ನಮ್ಮ ನಿವಾಸಿಗಳಿಗೆ ಮಾತ್ರ’ ಎಂಬ ಫಲಕ ಇಂಗ್ಲೆಂಡಿನ ಅನೇಕ ಕೌನ್ಸಿಲ್‌ಗಳ ಕಸದ ಕೇಂದ್ರಗಳಲ್ಲಿ ಇಂದು ಕಾಣುತ್ತದೆ. ಅವುಗಳಲ್ಲಿ ರೆಡಿಂಗ್ ಪ್ರಕರಣವನ್ನೇ ಆರಿಸಿಕೊಂಡದ್ದಕ್ಕೆ ಎರಡು ಕಾರಣಗಳಿವೆ. ನಿಯಮ ಹೇಗೆ ಹುಟ್ಟಿತು ಎಂಬುದು ಇಲ್ಲಿ ಪದರ ಪದರವಾಗಿ ಕಾಣುತ್ತದೆ. ಮತ್ತು ಇದು ಕನ್ನಡಿಗರು ಗಣನೀಯವಾಗಿ ನೆಲೆಸಿರುವ ಸೀಮೆ. ಗ್ರೀನ್ ಪಾರ್ಕ್, ಥೇಮ್ಸ್ ವ್ಯಾಲಿ ಪಾರ್ಕ್, ವಿನರ್ಶ್ ಮುಂತಾದ ಕಡೆಗಳ ತಂತ್ರಜ್ಞಾನ ಕಂಪನಿಗಳಿಗೆ ಬಂದವರು ಮೊದಲು ಪಟ್ಟಣದೊಳಗೆ ಬಾಡಿಗೆಗೆ ಇದ್ದು, ಮಕ್ಕಳು ಶಾಲೆಗೆ ಸೇರುವ ಹೊತ್ತಿಗೆ ಸುತ್ತಲಿನ ಬಡಾವಣೆಗಳಲ್ಲಿ ಮನೆ ಕೊಳ್ಳುತ್ತಾರೆ. ತಮ್ಮ ಕೌನ್ಸಿಲ್ ಬದಲಾಗಿದೆ ಎಂಬುದು ಅವರಲ್ಲಿ ಹಲವರ ಗಮನಕ್ಕೆ ಬರುವುದು ಮನೆ ಖಾಲಿ ಮಾಡುವ ಕಸದ ಹೊರೆ ಎದುರಾದಾಗಲೇ.

ಕಾನೂನು ಹೇಳುವುದೇನು

ಇಂಗ್ಲೆಂಡಿನಲ್ಲಿ ಮನೆ ಮನೆಯ ಕಸದ ಡಬ್ಬಿಯನ್ನು ಖಾಲಿ ಮಾಡುವುದು ಒಂದು ಹೊಣೆ, ದೊಡ್ಡ ವಸ್ತುಗಳನ್ನು ಜನರೇ ತಂದು ಹಾಕಲು ಜಾಗ ಒದಗಿಸುವುದು ಇನ್ನೊಂದು ಹೊಣೆ. ಎರಡನೆಯದಕ್ಕೆ 1967ರ ನಾಗರಿಕ ಸೌಕರ್ಯಗಳ ಕಾಯಿದೆ ತಳಹದಿ ಹಾಕಿತು. ಈಗ ಜಾರಿಯಲ್ಲಿರುವುದು 1990ರ ಪರಿಸರ ಸಂರಕ್ಷಣಾ ಕಾಯಿದೆಯ 51ನೆಯ ಸೆಕ್ಷನ್. ಅದರ ಪ್ರಕಾರ ತ್ಯಾಜ್ಯ ವಿಲೇವಾರಿಯ ಹೊಣೆ ಹೊತ್ತ ಪ್ರತಿ ಕೌನ್ಸಿಲ್ಲೂ ತನ್ನ ನಿವಾಸಿಗಳು ಮನೆಯ ಕಸವನ್ನು ಉಚಿತವಾಗಿ ತಂದು ಹಾಕುವ ಜಾಗಗಳನ್ನು ಒದಗಿಸಬೇಕು. ವಾರಾಂತ್ಯದಲ್ಲಿ ಒಂದು ಹೊತ್ತಾದರೂ ಅವು ತೆರೆದಿರಬೇಕು.

ಈ ಸೆಕ್ಷನ್ನಿನ ಎರಡು ಮಾತುಗಳನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ಕೇಂದ್ರವು ಕೌನ್ಸಿಲ್ಲಿನ ಗಡಿಯೊಳಗೇ ಇರಬೇಕೆಂದು ಕಾನೂನು ಹೇಳುವುದಿಲ್ಲ. ನಿವಾಸಿಗಳು ಸಲೀಸಾಗಿ ತಲುಪುವಂತಿದ್ದರೆ ಗಡಿಯ ಆಚೆಗಿದ್ದರೂ ಆದೀತು. ಹಾಗೆಯೇ ಹೊರಗಿನವರನ್ನು ಬಿಟ್ಟುಕೊಳ್ಳಲು ಕೌನ್ಸಿಲ್ಲಿಗೆ ಅಧಿಕಾರವಿದೆ. ಅವರಿಂದ ಹಣ ಪಡೆಯಬಹುದು, ಪಡೆಯದೆಯೂ ಇರಬಹುದು. ನೆರೆಯವರು ಬಂದಾರು ಎಂಬುದು ಕಾಯಿದೆ ಬರೆದವರಿಗೆ ಚೆನ್ನಾಗಿ ತಿಳಿದಿತ್ತು. ತಡೆಯಿರಿ ಎಂದು ಅವರು ಬರೆಯಲಿಲ್ಲ, ಬಿಡಲೇಬೇಕು ಎಂದೂ ಬರೆಯಲಿಲ್ಲ. ಹಾಗಾಗಿ ನಿವಾಸಿಗಳಿಗೆ ಮಾತ್ರ ಎಂಬ ನಿಯಮ ಕಾನೂನುಬದ್ಧ. ಆದರೆ ಕಾನೂನಿನ ಒತ್ತಾಯವಲ್ಲ. ಅದು ಕೌನ್ಸಿಲ್‌ಗಳು ತೆಗೆದುಕೊಂಡ ತೀರ್ಮಾನ. ತೀರ್ಮಾನವಾದದ್ದರಿಂದ ಅದನ್ನು ಪ್ರಶ್ನಿಸಲು ಎಡೆಯಿದೆ.

ಒಂದು ಮನೆ ಆರು ಪಾಲಾದದ್ದು

1998ರ ಏಪ್ರಿಲ್ 1ರವರೆಗೆ ರೆಡಿಂಗ್ ಇರುವ ಬರ್ಕ್‌ಷೈರ್ ಸೀಮೆಗೆಲ್ಲ ಮೇಲುಹಂತದ ಒಂದು ಕೌಂಟಿ ಕೌನ್ಸಿಲ್ ಇತ್ತು. ಕಸದ ವಿಲೇವಾರಿ ಅದರ ಕೆಲಸ. ಸ್ಮಾಲ್‌ಮೀಡ್‌ಗೆ ಬಂದವರು ಕೆಳಹಂತದ ಯಾವ ಕೌನ್ಸಿಲ್ಲಿನವರು ಎಂದು ಕೇಳುವ ಅಗತ್ಯವೇ ಇರಲಿಲ್ಲ, ಏಕೆಂದರೆ ಖರ್ಚು ಹೋಗುತ್ತಿದ್ದುದು ಒಂದೇ ಖಜಾನೆಯಿಂದ. ಆ ದಿನ ಕೌಂಟಿ ಕೌನ್ಸಿಲ್ ರದ್ದಾಯಿತು. ಅದರ ಕೆಲಸಗಳನ್ನೆಲ್ಲ ಆರು ಸ್ವತಂತ್ರ ಕೌನ್ಸಿಲ್‌ಗಳು ಹಂಚಿಕೊಂಡವು: ರೆಡಿಂಗ್, ವೋಕಿಂಗ್‌ಹ್ಯಾಮ್, ಬ್ರ್ಯಾಕ್ನೆಲ್ ಫಾರೆಸ್ಟ್, ಸ್ಲೌ, ವಿಂಡ್ಸರ್ ಮತ್ತು ಮೇಡನ್‌ಹೆಡ್, ಹಾಗೂ ನ್ಯೂಬರಿ ಜಿಲ್ಲೆ. ನ್ಯೂಬರಿ ಜಿಲ್ಲೆಯೇ ವೆಸ್ಟ್ ಬರ್ಕ್‌ಷೈರ್ ಎಂದು ಹೆಸರು ಬದಲಿಸಿಕೊಂಡಿತು.

ಗಡಿಗಳು ಮಾತ್ರ ಹಳೆಯವೇ ಉಳಿದವು. ರೆಡಿಂಗ್ ತನ್ನ ಗಡಿಯನ್ನು ದೊಡ್ಡ ಪ್ರಮಾಣದಲ್ಲಿ ಹಿಗ್ಗಿಸಿದ್ದು 1911ರಲ್ಲಿ. ಆಗ ಥೇಮ್ಸ್ ನದಿಯಾಚೆಯ ಕ್ಯಾವರ್ಶ್ಯಾಮ್ ಮತ್ತು ಟೈಲ್‌ಹರ್ಸ್ಟ್‌ನ ಒಂದು ಭಾಗ ಅದಕ್ಕೆ ಸೇರಿದವು. ನಂತರದ ದಶಕಗಳಲ್ಲಿ ಪಟ್ಟಣ ಗಡಿ ದಾಟಿ ಬೆಳೆಯಿತು. ಕೌಂಟಿ ಇರುವವರೆಗೆ ಇದರಿಂದ ಕಸದ ವಿಷಯದಲ್ಲಿ ತೊಂದರೆಯಾಗಲಿಲ್ಲ. ಮೇಲಿನ ಸೂರು ಒಂದೇ ಆಗಿತ್ತು.

ನಮ್ಮ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಪಾಲಾಗುವಾಗ ಬಾವಿ ಒಬ್ಬನ ಪಾಲಿನ ಜಮೀನಿಗೆ ಬಂದರೆ, ಉಳಿದವರಿಗೆ ನೀರಿನ ಹಕ್ಕು, ಬಾವಿಗೆ ನಡೆಯುವ ದಾರಿಯ ಹಕ್ಕು ಎರಡನ್ನೂ ವಿಭಾಗಪತ್ರದಲ್ಲಿಯೇ ಬರೆಯುತ್ತಾರೆ. ಹಿರಿಯರಿಗೆ ಗೊತ್ತಿರುತ್ತದೆ, ಬಾಯಿಮಾತಿನ ಸೌಹಾರ್ದ ಒಂದು ಬರಗಾಲದವರೆಗೆ ಮಾತ್ರ ಬಾಳುತ್ತದೆ ಎಂದು. ಬರ್ಕ್‌ಷೈರ್‌ನ ಪಾಲುಪಟ್ಟಿಯಿಂದ ಅಂಥ ಶಾಶ್ವತವಾದ ಹಕ್ಕು ಗಡಿಯಾಚೆಯ ನಿವಾಸಿಗಳಿಗೆ ದಕ್ಕಲಿಲ್ಲ. ರೆಡಿಂಗ್, ವೋಕಿಂಗ್‌ಹ್ಯಾಮ್, ಬ್ರ್ಯಾಕ್ನೆಲ್ ಫಾರೆಸ್ಟ್ ಮೂರೂ ಸೇರಿ ‘ರೀ3’ ಎಂಬ ಪಾಲುದಾರಿಕೆ ಕಟ್ಟಿಕೊಂಡು, 2006ರಲ್ಲಿ ಒಂದು ಕಂಪನಿಗೆ 25 ವರ್ಷಗಳ ಗುತ್ತಿಗೆ ಕೊಟ್ಟವು. ಸ್ಮಾಲ್‌ಮೀಡ್ ಮತ್ತು ಬ್ರ್ಯಾಕ್ನೆಲ್‌ನ ಲಾಂಗ್‌ಶಾಟ್ ಲೇನ್ ಆ ಪಾಲುದಾರಿಕೆಯ ಎರಡು ಕೇಂದ್ರಗಳು. ವೆಸ್ಟ್ ಬರ್ಕ್‌ಷೈರ್ ಅದರೊಳಗೆ ಸೇರದೆ, 2008ರಲ್ಲಿ ಬೇರೊಂದು ಕಂಪನಿಯೊಡನೆ ತನ್ನದೇ 25 ವರ್ಷಗಳ ಗುತ್ತಿಗೆ ಮಾಡಿಕೊಂಡಿತು. ಅದರ ಕೇಂದ್ರಗಳು ನ್ಯೂಬರಿಯ ನ್ಯೂಟೌನ್ ರಸ್ತೆಯಲ್ಲೊಂದು, ಪ್ಯಾಡ್‌ವರ್ತ್‌ನಲ್ಲೊಂದು. ಕ್ಯಾಲ್ಕಾಟ್‌ನವರಿಗೆ ಹತ್ತಿರದ್ದು ಪ್ಯಾಡ್‌ವರ್ತ್: ಬಾತ್ ರಸ್ತೆಯಲ್ಲಿ ಪಟ್ಟಣಕ್ಕೆ ಬೆನ್ನು ಹಾಕಿ, ಥೀಲ್ ದಾಟಿ, ಹೊಲಗದ್ದೆಗಳ ನಡುವೆ ಹೋಗಬೇಕು.

ಆದರೂ ಕೆಲವು ಕಾಲ ಬಾಗಿಲು ತೆರೆದೇ ಇತ್ತು. ಪೂರ್ವ ಭಾಗದ ತನ್ನ ನಿವಾಸಿಗಳು ಸ್ಮಾಲ್‌ಮೀಡ್ ಬಳಸಿದ್ದಕ್ಕೆ ವೆಸ್ಟ್ ಬರ್ಕ್‌ಷೈರ್ ರೀ3ಗೆ ಹಣ ಕೊಡುತ್ತಿತ್ತು. ನನ್ನ ಮಟ್ಟಿಗೆ ಈ ಪ್ರಕರಣದ ಅತಿ ಮುಖ್ಯವಾದ ಸಂಗತಿ ಇದು. ಗಡಿ ದಾಟುವ ಕಸಕ್ಕೆ ಕೌನ್ಸಿಲ್‌ನಿಂದ ಕೌನ್ಸಿಲ್ಲಿಗೆ ಹಣ ಸಂದಾಯವಾಗುವ ವ್ಯವಸ್ಥೆ ಇಲ್ಲಿ ಕಲ್ಪನೆಯಲ್ಲ. ಇದ್ದು, ನಡೆದು, ನಿಂತುಹೋದದ್ದು.

ಹಣ

ನಿಂತದ್ದು ಏಕೆ ಎಂಬುದಕ್ಕೆ ಉತ್ತರ ಭೂಭರ್ತಿ ತೆರಿಗೆಯಲ್ಲಿದೆ. ಕಸವನ್ನು ನೆಲದಲ್ಲಿ ಹೂಳುವುದಕ್ಕೆ ಬ್ರಿಟನ್ ಸರ್ಕಾರ 1996ರ ಅಕ್ಟೋಬರ್‌ನಲ್ಲಿ ಈ ತೆರಿಗೆ ಹಾಕಿದಾಗ ಸಾಮಾನ್ಯ ದರ ಟನ್ನಿಗೆ 7 ಪೌಂಡ್. ಬರ್ಕ್‌ಷೈರ್ ಪಾಲಾದ ವರ್ಷವೂ ಅಷ್ಟೇ ಇತ್ತು. ಆಮೇಲೆ ಸರ್ಕಾರ ಉದ್ದೇಶಪೂರ್ವಕವಾಗಿ ದರ ಏರಿಸುತ್ತ ಹೋಯಿತು. ಹೂಳುವುದು ದುಬಾರಿಯಾದರೆ ಮರುಬಳಕೆ ಹೆಚ್ಚುತ್ತದೆ ಎಂಬ ಲೆಕ್ಕಾಚಾರ ಅದು, ಮತ್ತು ಆ ಲೆಕ್ಕಾಚಾರ ಸರಿಯಾಗಿಯೇ ಇತ್ತು. 2008ರಲ್ಲಿ ಟನ್ನಿಗೆ 32 ಪೌಂಡ್, 2014ರಲ್ಲಿ 80, 2016ರಲ್ಲಿ 84.40 ಆಯಿತು. 2025ರ ಏಪ್ರಿಲ್‌ನಲ್ಲಿ ಅದು 126.15 ಪೌಂಡ್ ಮುಟ್ಟಿತು. ಇದು ತೆರಿಗೆ ಮಾತ್ರ. ಹೂಳುವ ಶುಲ್ಕ, ಸಾಗಣೆ, ಸಿಬ್ಬಂದಿಯ ಸಂಬಳ ಇದರ ಮೇಲೆ.

ಟನ್ನಿಗೆ ಏಳು ಪೌಂಡ್ ಇದ್ದಾಗ ನೆರೆಯವನ ಕಸ ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಎಂಬತ್ತು ದಾಟಿದಾಗ ಗೇಟಿನಲ್ಲಿ ನಿಲ್ಲುವ ಪ್ರತಿ ಕಾರೂ ಲೆಕ್ಕಕ್ಕೆ ಬರುತ್ತದೆ. ಅದೇ ಸಮಯಕ್ಕೆ, 2010ರ ನಂತರದ ವರ್ಷಗಳಲ್ಲಿ, ಕೇಂದ್ರ ಸರ್ಕಾರದಿಂದ ಸ್ಥಳೀಯ ಕೌನ್ಸಿಲ್‌ಗಳಿಗೆ ಬರುವ ಅನುದಾನ ತೀವ್ರವಾಗಿ ಇಳಿಯಿತು. ವೃದ್ಧರ ಆರೈಕೆ, ಮಕ್ಕಳ ರಕ್ಷಣೆಯಂಥ ಕಾನೂನುಬದ್ಧ ಹೊಣೆಗಳನ್ನು ಮೊಟಕುಗೊಳಿಸುವಂತಿಲ್ಲ. ಕತ್ತರಿಸಲು ಉಳಿದ ಬಾಬುಗಳಲ್ಲಿ ಗ್ರಂಥಾಲಯ, ಬಸ್ಸಿನ ಸಹಾಯಧನ, ಕಸದ ಕೇಂದ್ರಗಳೇ ಮೊದಲು ಕಾಣುತ್ತವೆ. ನೆರೆಯ ಕೌನ್ಸಿಲ್ಲಿಗೆ ಕೊಡುವ ಹಣವಂತೂ ಇನ್ನೂ ಸುಲಭವಾಗಿ ಕಾಣುತ್ತದೆ: ನಮ್ಮಲ್ಲೇ ಎರಡು ಕೇಂದ್ರಗಳಿರುವಾಗ ಪಕ್ಕದವರಿಗೆ ಏಕೆ ಕೊಡಬೇಕು?

2016ರಲ್ಲಿ ಹೀಗೆ ಎರಡು ತೀರ್ಮಾನಗಳು ಕೂಡಿಕೊಂಡವು. ರೀ3 ತನ್ನ ಮೂರು ಕೌನ್ಸಿಲ್‌ಗಳ ಮನೆಗಳಿಗೆ ಪರ್ಮಿಟ್ ಹಂಚಿ, ಅದಿಲ್ಲದವರಿಗೆ ಪ್ರವೇಶವಿಲ್ಲ ಎಂದಿತು. ವೆಸ್ಟ್ ಬರ್ಕ್‌ಷೈರ್ ಹಣ ಕೊಡುವುದನ್ನು ಮುಂದುವರಿಸಲಿಲ್ಲ. ಎರಡೂ ಕೌನ್ಸಿಲ್ ಭವನಗಳ ಆಯವ್ಯಯದ ಹಾಳೆಯಲ್ಲಿ ಇದು ಉಳಿತಾಯ. ಹಾಳೆಯ ಮೇಲೆ ಎಲ್ಲೂ ಕಾಣದ ಬಾಬು ಕ್ಯಾಲ್ಕಾಟ್, ಟೈಲ್‌ಹರ್ಸ್ಟ್, ಪರ್ಲಿಯ ಮನೆಗಳ ಸಮಯ ಮತ್ತು ಪೆಟ್ರೋಲು. ಅದೇ 2016ರ ಬೇಸಗೆಯಲ್ಲಿ ಕ್ಯಾಲ್ಕಾಟ್‌ನಲ್ಲಿ, ಅಂದರೆ ವೆಸ್ಟ್ ಬರ್ಕ್‌ಷೈರ್‌ನ ನೆಲದಲ್ಲಿ, ಐಕಿಯಾದ ದೊಡ್ಡ ಮಳಿಗೆ ತೆರೆಯಿತು. ರೆಡಿಂಗ್ ಸೀಮೆಯ ಹೊಸ ಸೋಫಾ, ಮಂಚ, ಕಪಾಟುಗಳೆಲ್ಲ ಗಡಿಯ ಆ ಕಡೆಯಿಂದ ಬರತೊಡಗಿದ ಹೊತ್ತಿಗೇ ಹಳೆಯವು ಗಡಿ ದಾಟುವುದು ನಿಂತಿತು.

ಪೂರ್ವದ ಅರ್ಲಿಗೂ ಪಶ್ಚಿಮದ ಕ್ಯಾಲ್ಕಾಟಿಗೂ

ನಿಯಮದ ನ್ಯಾಯವನ್ನು ಅಳೆಯಲು ಪಟ್ಟಣದ ಇನ್ನೊಂದು ಅಂಚನ್ನು ನೋಡಬೇಕು. ಪೂರ್ವದಲ್ಲಿ ಅರ್ಲಿ, ವುಡ್ಲಿ ಎಂಬ ಬಡಾವಣೆಗಳಿವೆ. ಅವೂ ರೆಡಿಂಗ್ ಬರೋದ ಒಳಗಿಲ್ಲ. ವೋಕಿಂಗ್‌ಹ್ಯಾಮ್ ಕೌನ್ಸಿಲ್ಲಿಗೆ ಸೇರಿದವು. ಅಲ್ಲಿಯೂ ಪಟ್ಟಣ ಮತ್ತು ಬಡಾವಣೆ ಬೆರೆತುಹೋಗಿವೆ; ರೆಡಿಂಗ್ ವಿಶ್ವವಿದ್ಯಾಲಯದ ವೈಟ್‌ನೈಟ್ಸ್ ಆವರಣವೇ ಎರಡು ಕೌನ್ಸಿಲ್‌ಗಳಲ್ಲಿ ಹಂಚಿಹೋಗಿದೆ. ಅಂಚೆ ವಿಳಾಸ ಅಲ್ಲಿಯೂ ರೆಡಿಂಗ್. ಆದರೆ ವೋಕಿಂಗ್‌ಹ್ಯಾಮ್ ರೀ3ರೊಳಗೆ ಇರುವುದರಿಂದ ಅರ್ಲಿಯವರು ಸ್ಮಾಲ್‌ಮೀಡ್‌ಗೆ ಹಕ್ಕಿನಿಂದ ಹೋಗುತ್ತಾರೆ. ಬ್ರ್ಯಾಕ್ನೆಲ್‌ನವರೂ ಅಷ್ಟು ದೂರದಿಂದ ಬರಬಹುದು.

ಅರ್ಲಿಯಲ್ಲಿರುವ ಸ್ನೇಹಿತರ ಮಾತು ನಂಬಿ ಕ್ಯಾಲ್ಕಾಟ್‌ನವರು ಸ್ಮಾಲ್‌ಮೀಡ್‌ಗೆ ಹೋಗಲು ಸಿದ್ಧರಾಗುವುದು ಸಹಜ. “ನಾವೂ ರೆಡಿಂಗ್ ಕೌನ್ಸಿಲ್ ಅಲ್ಲ, ಆದರೂ ಬಿಡುತ್ತಾರೆ” ಎಂದು ಅವರು ಹೇಳುವುದು ನಿಜವೇ. ಈ ವ್ಯತ್ಯಾಸಕ್ಕೆ ಭೂಗೋಳದಲ್ಲಿ ಕಾರಣವಿಲ್ಲ, ಜನಸಂಖ್ಯೆಯಲ್ಲಿ ಕಾರಣವಿಲ್ಲ, ಕಸದ ಸ್ವರೂಪದಲ್ಲಂತೂ ಇಲ್ಲವೇ ಇಲ್ಲ. ಯಾವ ಕೌನ್ಸಿಲ್ ಯಾರೊಡನೆ ಗುತ್ತಿಗೆ ಮಾಡಿಕೊಂಡಿತು ಎಂಬುದಷ್ಟೇ ಕಾರಣ.

ಹಾಗೆಂದು ತೊಂದರೆಯನ್ನು ಇರುವುದಕ್ಕಿಂತ ದೊಡ್ಡದಾಗಿ ಹೇಳಬಾರದು. ವೆಸ್ಟ್ ಬರ್ಕ್‌ಷೈರ್‌ನ ಬಹುಭಾಗಕ್ಕೆ ಸ್ಮಾಲ್‌ಮೀಡ್ ದೂರವೇ. ನ್ಯೂಬರಿಯವರಿಗೆ, ಥ್ಯಾಚಮ್‌ನವರಿಗೆ, ಹಂಗರ್‌ಫರ್ಡ್‌ನವರಿಗೆ ಈ ನಿಯಮದಿಂದ ಏನೂ ಕಳೆದುಹೋಗಿಲ್ಲ. ಥೀಲ್‌ನವರಿಗೆ ಪ್ಯಾಡ್‌ವರ್ತ್ ಕಷ್ಟವಲ್ಲ. ಪೆಟ್ಟು ಬಿದ್ದದ್ದು ಪಟ್ಟಣಕ್ಕೆ ಅಂಟಿಕೊಂಡ ಕೆಲವೇ ಬಡಾವಣೆಗಳಿಗೆ. ಆ ಕಾರಣಕ್ಕಾಗಿಯೇ ಅವರ ದನಿ ನ್ಯೂಬರಿಯಲ್ಲಿ ಕೂತ ಕೌನ್ಸಿಲ್ಲಿಗೆ ಕ್ಷೀಣವಾಗಿ ಕೇಳಿಸುತ್ತದೆ. ರೆಡಿಂಗ್ ಕೌನ್ಸಿಲ್ಲಿಗೆ ಅವರು ಮತದಾರರೇ ಅಲ್ಲ.

ಗೇಟಿನಲ್ಲಿ ಸಿಕ್ಕಿಬೀಳುವವರು

ಪರ್ಮಿಟ್ ಕಾಲದ ನಂತರ ಕೋವಿಡ್ ಬಂತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಕೇಂದ್ರಗಳು ಆ ಬೇಸಗೆಯಲ್ಲಿ ಮತ್ತೆ ತೆರೆದಾಗ, ಸಾಲು ತಪ್ಪಿಸಲು ಅನೇಕ ಕೌನ್ಸಿಲ್‌ಗಳು ಮುಂಗಡ ಕಾಯ್ದಿರಿಸುವ ಪದ್ಧತಿ ತಂದವು. ಸ್ಮಾಲ್‌ಮೀಡ್‌ಗೂ ಅದು ಬಂತು. ವಿಳಾಸ, ಕಾರಿನ ನೋಂದಣಿ ಸಂಖ್ಯೆ ಕೊಟ್ಟು ಹೊತ್ತು ಗೊತ್ತುಮಾಡಿಕೊಂಡು ಹೋಗಬೇಕು. ವಿಳಾಸ ಹೊರಗಿನದಾದರೆ ಮನೆಯಲ್ಲಿ ಕುಳಿತಾಗಲೇ ಗೊತ್ತಾಗುತ್ತದೆ. ಗೇಟಿನವರೆಗೆ ಹೋಗಿ ಜಗಳವಾಡಿ ಹಿಂದಿರುಗುವ ಅವಮಾನ ತಪ್ಪಿತು ಎಂಬುದು ದೊಡ್ಡ ಸಮಾಧಾನ, ಗೇಟಿನಲ್ಲಿ ನಿಂತವರಿಗೂ. ಅವರು ಗುತ್ತಿಗೆ ಕಂಪನಿಯ ನೌಕರರು. ನಿಯಮ ಅವರು ಮಾಡಿದ್ದಲ್ಲ, ಬೈಗುಳ ಮಾತ್ರ ಅವರ ಪಾಲಿನದು.

ಹೊಸದಾಗಿ ಮನೆ ಕೊಂಡ ಕನ್ನಡ ಕುಟುಂಬದ ಸ್ಥಿತಿಯನ್ನು ಸ್ವಲ್ಪ ವಿವರವಾಗಿ ನೋಡಬಹುದು. ಹಿಂದಿನ ಮನೆಯವರು ಬಿಟ್ಟುಹೋದ ಸೋಫಾ ಒಂದಿದೆ ಎಂದಿಟ್ಟುಕೊಳ್ಳೋಣ. ದಾನ ಬಂದ ಹಳೆಯ ಸಾಮಾನು ಮಾರುವ ದತ್ತಿ ಅಂಗಡಿಗೆ ಕೊಡೋಣವೆಂದರೆ, 1988ರ ಬೆಂಕಿ ಸುರಕ್ಷತೆಯ ನಿಯಮಗಳ ಪ್ರಕಾರ ಇರಬೇಕಾದ ಚೀಟಿ ಸೋಫಾದ ಮೇಲೆ ಇಲ್ಲದಿದ್ದರೆ ಅವರು ತೆಗೆದುಕೊಳ್ಳುವುದಿಲ್ಲ. ಹಳೆಯ ಸೋಫಾಗಳ ಬಟ್ಟೆ, ಫೋಮಿನಲ್ಲಿ ಬೆಂಕಿ ತಡೆಯಲು ಬಳಸಿದ ರಾಸಾಯನಿಕಗಳು ಪರಿಸರದಲ್ಲಿ ಕರಗದೆ ಉಳಿಯುವಂಥವು. ಅಂಥ ಸೋಫಾವನ್ನು ಹೂಳುವಂತಿಲ್ಲ, ಸುಡಲೇಬೇಕು. 2023ರಿಂದ ಈ ವಿಷಯದಲ್ಲಿ ಸರ್ಕಾರದ ಪರಿಸರ ಸಂಸ್ಥೆ (ಎನ್ವಿರಾನ್ಮೆಂಟ್ ಏಜೆನ್ಸಿ) ಬಿಗಿಯಾಗಿದೆ. ಕೌನ್ಸಿಲ್ಲಿನವರೇ ಮನೆಗೆ ಬಂದು ದೊಡ್ಡ ವಸ್ತು ಒಯ್ಯುವ ಸೇವೆಗೆ ಹಣ ತೆರಬೇಕು. ಉಳಿದದ್ದು ಫೇಸ್‌ಬುಕ್ಕಿನಲ್ಲಿ ಕಾಣುವ ವ್ಯಾನಿನವರು: ಕಡಿಮೆ ಹಣ, ಇಂದೇ ಬರುತ್ತೇವೆ ಎನ್ನುತ್ತಾರೆ. ಇಲ್ಲಿ ಎಚ್ಚರ ಬೇಕು. ಪರಿಸರ ಸಂಸ್ಥೆಯಲ್ಲಿ ಕಸ ಸಾಗಣೆದಾರರೆಂದು ನೋಂದಾಯಿಸದವರಿಗೆ ಕಸ ಕೊಟ್ಟರೆ, ಅದು ಯಾವುದೋ ಕಾಡಿನ ಅಂಚಿನಲ್ಲಿ ಸಿಕ್ಕಾಗ ಕೊಟ್ಟ ಮನೆಯವರಿಗೇ ದಂಡ. ಕೋರ್ಟಿಗೆ ಹೋಗದೆ ಕಟ್ಟುವ ದಂಡದ ಗರಿಷ್ಠ ಮಿತಿ 2023ರ ಜುಲೈಯಲ್ಲಿ 600 ಪೌಂಡಿಗೆ ಏರಿತು. ನೋಂದಣಿ ಸಂಖ್ಯೆ ಕೇಳಿ, ಸಾರ್ವಜನಿಕ ಪಟ್ಟಿಯಲ್ಲಿ ನೋಡಿ, ರಸೀದಿ ಪಡೆದು ಆಮೇಲೆ ಕೊಡಬೇಕು. ಹೊಸಬರಿಗೆ ಇದನ್ನು ಮೊದಲೇ ಹೇಳುವವರು ಕಡಿಮೆ. ಕೊಳ್ಳಲು ನೋಡುತ್ತಿರುವ ಮನೆಯ ಕೌನ್ಸಿಲ್ ತೆರಿಗೆ ಯಾರಿಗೆ ಸಲ್ಲುತ್ತದೆ ಎಂದು ಕೇಳಿ ತಿಳಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅಂಚೆ ವಿಳಾಸ ನಂಬಬೇಡಿ.

ಇನ್ನೊಂದು ಸನ್ನಿವೇಶ ನನ್ನನ್ನು ಹೆಚ್ಚು ಕಾಡುತ್ತದೆ. ತಾಯಿಯೋ ತಂದೆಯೋ ತೀರಿಕೊಂಡ ಮೇಲೆ ಅವರ ಮನೆಯನ್ನು ಖಾಲಿ ಮಾಡುವ ಮಕ್ಕಳ ಸ್ಥಿತಿ. ಮಗಳು ಇರುವುದು ಅರ್ಲಿಯಲ್ಲಿ. ಮನೆ ಟೈಲ್‌ಹರ್ಸ್ಟ್‌ನ ವೆಸ್ಟ್ ಬರ್ಕ್‌ಷೈರ್ ಭಾಗದಲ್ಲಿ. ಕಾನೂನು ಹಕ್ಕು ಕೊಟ್ಟಿರುವುದು ನಿವಾಸಿಗೆ, ನಿವಾಸಿಯ ಮನೆಯ ಕಸಕ್ಕೆ. ಟೈಲ್‌ಹರ್ಸ್ಟ್‌ನ ನಿವಾಸಿ ಈಗಿಲ್ಲ. ಮಗಳು ಅಲ್ಲಿನ ನಿವಾಸಿಯಲ್ಲ. ತಾನಿರುವ ಅರ್ಲಿಯ ವಿಳಾಸದಿಂದ ಸ್ಮಾಲ್‌ಮೀಡ್‌ಗೆ ಹೋಗುವ ಹಕ್ಕು ಅವಳಿಗಿದೆ, ಆದರೆ ಕಸ ಹುಟ್ಟಿದ್ದು ಆ ಊರಿನಲ್ಲಲ್ಲ. ಇಂಥವರಿಗೆ ಒಂದೊಂದು ಕೌನ್ಸಿಲ್ ಒಂದೊಂದು ಬಗೆಯ ದಾರಿ ಮಾಡಿಕೊಡುತ್ತದೆ: ಕೆಲವು ಕಡೆ ಮೃತರ ಹೆಸರಿನ ತೆರಿಗೆ ಬಿಲ್ಲು ತೋರಿಸಿದರೆ ಸಾಕು, ಕೆಲವು ಕಡೆ ಮುಂಚಿತವಾಗಿ ಪತ್ರ ಬರೆದು ಅನುಮತಿ ಪಡೆಯಬೇಕು. ಮೂವತ್ತು ನಲವತ್ತು ವರ್ಷ ತೆರಿಗೆ ಕಟ್ಟಿದ ಒಬ್ಬ ಹಿರಿಯರ ಮನೆಯ ಕೊನೆಯ ಸಾಮಾನು ಸಾಗಿಸುವಾಗ ಮಕ್ಕಳು ಅಧಿಕಾರಿಗಳ ಔದಾರ್ಯಕ್ಕೆ ಕೈಚಾಚಬೇಕಾದ ಸ್ಥಿತಿ ಇರಬಾರದು. ದುಃಖದ ವಾರಗಳಲ್ಲಿ ಯಾರಿಗೂ ನಿಯಮಾವಳಿ ಓದುವ ತ್ರಾಣವಿರುವುದಿಲ್ಲ. ಕಸ ಯಾವ ಮನೆಯಲ್ಲಿ ಹುಟ್ಟಿತೋ ಆ ವಿಳಾಸವನ್ನೇ ಹಿಡಿದು ಪ್ರವೇಶ ಕೊಡುವುದು ನ್ಯಾಯ. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ. ಕಾಯ್ದಿರಿಸುವ ಪುಟದಲ್ಲಿ ‘ಮೃತರ ಮನೆ’ ಎಂಬ ಒಂದು ಆಯ್ಕೆಯಷ್ಟೇ ಸಾಕು.

ಪರ, ವಿರೋಧ

ನಿಯಮದ ಪರವಾಗಿರುವ ವಾದ ಗಟ್ಟಿಯಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ರೆಡಿಂಗ್ ಚಿಕ್ಕ ಭೂಪ್ರದೇಶದ, ಒತ್ತೊತ್ತಾದ ಪಟ್ಟಣ. ಅಲ್ಲಿ ಬಡವರೂ ಇದ್ದಾರೆ, ಅವರೂ ಕೌನ್ಸಿಲ್ ತೆರಿಗೆ ಕಟ್ಟುತ್ತಾರೆ. ಪಕ್ಕದ ಹಸಿರು ಗ್ರಾಮಾಂತರದ ದೊಡ್ಡ ತೋಟಗಳ ಮನೆಯವರು ತಂದ ಕೊಂಬೆ, ಹುಲ್ಲು, ಪೀಠೋಪಕರಣಗಳ ವಿಲೇವಾರಿ ಖರ್ಚನ್ನು ಅವರು ಏಕೆ ಹೊರಬೇಕು? ಹಾಗೆ ಹೊರಿಸುವುದು ಅನ್ಯಾಯ.

ವಿರೋಧಿಸುವವರು ಬೇಗ ಎತ್ತುವ ವಾದ ಕದ್ದು ಕಸ ಸುರಿಯುವುದರದ್ದು: ಗೇಟು ಮುಚ್ಚಿದರೆ ಜನ ರಸ್ತೆಬದಿಯಲ್ಲಿ ಎಸೆಯುತ್ತಾರೆ ಎಂಬುದು. ಇಂಗ್ಲೆಂಡಿನಲ್ಲಿ 2023–24ರ ಒಂದೇ ವರ್ಷದಲ್ಲಿ ಸ್ಥಳೀಯ ಸಂಸ್ಥೆಗಳು ಇಂಥ 11.5 ಲಕ್ಷ ಪ್ರಕರಣಗಳನ್ನು ದಾಖಲಿಸಿವೆ, ಅದರಲ್ಲಿ ಸುಮಾರು ಶೇ 60ರಲ್ಲಿ ಮನೆಯ ಕಸವಿತ್ತು. ಅಂಕಿ ಭಯಂಕರವಾಗಿದೆ. ಆದರೆ ಇದನ್ನು ನಿವಾಸಿ ನಿಯಮದ ತಲೆಗೆ ಕಟ್ಟಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಾರಿನಲ್ಲಿ ಸಾಮಾನು ಹೇರಿಕೊಂಡು ಕೇಂದ್ರ ಹುಡುಕಿ ಹೊರಟ ಮನುಷ್ಯ, ಹೋಗಲಾಗದೆ ಅದನ್ನು ಹಳ್ಳದಲ್ಲಿ ಎಸೆದು ಬರುವವನಲ್ಲ. ಬೈದುಕೊಂಡು ಪ್ಯಾಡ್‌ವರ್ತ್‌ಗೆ ಹೋಗುತ್ತಾನೆ. ಎಸೆಯುವವರಲ್ಲಿ ಹಣ ಪಡೆದು ಕಸ ಒಯ್ದು, ಸುರಿದು ಮಾಯವಾಗುವ ವ್ಯಾನಿನವರ ದಂಧೆ ದೊಡ್ಡದು. ಅವರಿಗೆ ಯಾವ ಕೌನ್ಸಿಲ್ಲಿನ ಗೇಟೂ ಲೆಕ್ಕಕ್ಕಿಲ್ಲ. ದುರ್ಬಲವಾದ ವಾದ ಹಿಡಿದರೆ ಗಟ್ಟಿಯಾದ ವಾದವೂ ಅದರೊಡನೆ ಮುಳುಗುತ್ತದೆ.

ಗಟ್ಟಿಯಾದ ವಾದ ಇದು. ರೆಡಿಂಗ್‌ನ ತೆರಿಗೆದಾರರ ದೂರು ನೆರೆಯವರು ಬರುತ್ತಾರೆ ಎಂಬುದಲ್ಲ, ನೆರೆಯವರ ಖರ್ಚನ್ನು ತಾವು ಹೊರುತ್ತೇವೆ ಎಂಬುದು. ಖರ್ಚು ಕೊಟ್ಟರೆ ದೂರು ಇಲ್ಲ. ಹಾಗಾದರೆ ಪ್ರಶ್ನೆ ಉಳಿಯುವುದು, ಖರ್ಚನ್ನು ಎಣಿಸುವುದು ಹೇಗೆ ಎಂಬುದೊಂದೇ. ಹಿಂದೆಲ್ಲ ಯಾರು ಎಲ್ಲಿಂದ ಬಂದರು ಎಂದು ತಿಳಿಯಲು ಗೇಟಿನಲ್ಲಿ ಸಮೀಕ್ಷೆ ಮಾಡಿ ಅಂದಾಜು ಕಟ್ಟಬೇಕಿತ್ತು. ಅಂದಾಜಿನ ಮೇಲೆ ಜಗಳ ಏಳುತ್ತಿತ್ತು. ಈಗ ಕಾಯ್ದಿರಿಸುವ ಪದ್ಧತಿಯಿಂದ ಪ್ರತಿ ಭೇಟಿಗೂ ವಿಳಾಸವಿದೆ. ಯಾವ ಕೌನ್ಸಿಲ್ಲಿನಿಂದ ತಿಂಗಳಿಗೆ ಎಷ್ಟು ಕಾರು ಬಂದವು ಎಂದು ಕಂಪ್ಯೂಟರ್ ಕ್ಷಣದಲ್ಲಿ ಹೇಳುತ್ತದೆ. ಹೊರಗಿನವರನ್ನು ತಡೆಯಲು ಬಳಸುತ್ತಿರುವ ದಾಖಲೆಯೇ ಅವರ ಲೆಕ್ಕ ಬರೆದು ಬಿಲ್ಲು ಕಳಿಸಲೂ ಸಾಕು. 2016ರಲ್ಲಿ ಮುಚ್ಚಿದ್ದಕ್ಕೆ ಇದ್ದ ಒಂದು ನಿಜವಾದ ಕಾರಣ ಈಗ ಉಳಿದಿಲ್ಲ.

ಕೌನ್ಸಿಲ್‌ಗಳು ತಮ್ಮೊಳಗೆ ಒಪ್ಪದಿದ್ದರೆ ಎರಡನೆಯ ದಾರಿಯೂ ಇದೆ. ದಕ್ಷಿಣದ ನೆರೆಯ ಹ್ಯಾಂಪ್‌ಶೈರ್ ತನ್ನ ಕೇಂದ್ರಗಳಿಗೆ ಬರುವ ಹೊರಗಿನವರಿಂದ ಪ್ರತಿ ಭೇಟಿಗೆ 5 ಪೌಂಡ್ ಪಡೆಯುವ ಪದ್ಧತಿ ತಂದಿತು. 2015ರ ಆದೇಶವೊಂದು ನಿವಾಸಿಗಳಿಂದ ಪ್ರವೇಶಶುಲ್ಕ ಪಡೆಯುವುದನ್ನು ಇಂಗ್ಲೆಂಡಿನಲ್ಲಿ ನಿಷೇಧಿಸಿದೆ, ಹೊರಗಿನವರಿಗೆ ಅದು ಅನ್ವಯಿಸುವುದಿಲ್ಲ. ಮುಚ್ಚಿದ ಬಾಗಿಲಿಗಿಂತ ಶುಲ್ಕದ ಬಾಗಿಲು ಲೇಸು. ಪ್ಯಾಡ್‌ವರ್ತ್‌ವರೆಗಿನ ಪೆಟ್ರೋಲು, ಹೊತ್ತು ಲೆಕ್ಕ ಹಾಕಿ ಜನ ತಾವೇ ತೀರ್ಮಾನಿಸುತ್ತಾರೆ. ಆದರೂ ಇದನ್ನು ನಾನು ಎರಡನೆಯ ದಾರಿ ಎನ್ನುವುದು, ತನ್ನ ಕೌನ್ಸಿಲ್ಲಿಗೆ ಒಮ್ಮೆ ತೆರಿಗೆ ಕೊಟ್ಟವನು ಅದೇ ಸೇವೆಗೆ ಎರಡನೆಯ ಸಲ ಕೊಡುವುದು ಸರಿಯಲ್ಲದ ಕಾರಣ. ಪ್ಯಾಡ್‌ವರ್ತ್‌ಗೆ ಅವನು ತರದ ಕಸದಿಂದ ಅವನ ಕೌನ್ಸಿಲ್ಲಿಗೆ ಉಳಿತಾಯವಾಗಿದೆ. ಆ ಉಳಿತಾಯ ಅವನ ಹಿಂದೆ ಗಡಿ ದಾಟಿ ಬರಬೇಕು.

ಗೇಟಿನ ಒಳಗೆ ಹೋದ ಕಸದ ಮುಂದಿನ ದಾರಿಯನ್ನೂ ಹೇಳಬೇಕು. ಸ್ಮಾಲ್‌ಮೀಡ್‌ನಲ್ಲಿ ಬೇರ್ಪಡಿಸಿ ಉಳಿದದ್ದು ರೆಡಿಂಗ್‌ನಲ್ಲಿ ಉಳಿಯುವುದಿಲ್ಲ. ರೀ3ರ ಮರುಬಳಕೆಯಾಗದ ಕಸ ಹೋಗುತ್ತ ಬಂದಿರುವುದು ಸ್ಲೌ ಬಳಿಯ ಕೋಲ್ನ್‌ಬ್ರೂಕ್‌ನಲ್ಲಿರುವ, ಕಸ ಸುಟ್ಟು ವಿದ್ಯುತ್ ತೆಗೆಯುವ ಲೇಕ್‌ಸೈಡ್ ಘಟಕಕ್ಕೆ, ಮತ್ತು ಆಕ್ಸ್‌ಫರ್ಡ್‌ಶೈರ್‌ನ ಸಟನ್ ಕೋರ್ಟ್ನಿಯ ಭೂಭರ್ತಿಗೆ. ಎರಡೂ ರೆಡಿಂಗ್‌ನ ಗಡಿಯ ಆಚೆ, ರೀ3ರ ಗಡಿಯ ಆಚೆ. ಪಟ್ಟಣಕ್ಕೂ ತನ್ನದೇ ನೆಲದಲ್ಲಿ ಹೂತ ಕಾಲವೊಂದಿತ್ತು; 1998ರಲ್ಲಿ ಸ್ಮಾಲ್‌ಮೀಡ್ ಬಳಿ ತೆರೆದ ಫುಟ್‌ಬಾಲ್ ಕ್ರೀಡಾಂಗಣ ನಿಂತಿರುವುದು ಹಳೆಯ ಕಸದ ಗುಂಡಿಯ ಮೇಲೆಯೇ. ಈಗ ಟನ್ನುಗಟ್ಟಲೆ ಕಸ ಲಾರಿಗಳಲ್ಲಿ ಕೌನ್ಸಿಲ್ಲಿನಿಂದ ಕೌನ್ಸಿಲ್ಲಿಗೆ ಹಣದೊಡನೆ, ಕರಾರಿನೊಡನೆ ಯಾವ ತಕರಾರೂ ಇಲ್ಲದೆ ಹೋಗುತ್ತದೆ. ಆ ಮಟ್ಟದಲ್ಲಿ ಸಾಧ್ಯವಾದದ್ದು ಕ್ಯಾಲ್ಕಾಟ್‌ನ ಒಂದು ಕಾರಿನ ಮಟ್ಟದಲ್ಲಿ ಅಸಾಧ್ಯವೆಂದರೆ ನಂಬುವುದು ಕಷ್ಟ.

ಮುಂದೇನು

ಇಂಗ್ಲೆಂಡಿನ ಸ್ಥಳೀಯ ಆಡಳಿತವನ್ನು ಮರುರೂಪಿಸುವ ಯೋಜನೆಯನ್ನು ಕೇಂದ್ರ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಮೇಲೆ ಗಡಿಯ ಮಾತು ಮತ್ತೆ ಎದ್ದಿದೆ. ವೆಸ್ಟ್ ಬರ್ಕ್‌ಷೈರ್ ತನ್ನ ಉತ್ತರದ ಆಕ್ಸ್‌ಫರ್ಡ್‌ಶೈರ್ ಜಿಲ್ಲೆಗಳೊಡನೆ ಸೇರಿ ಹೊಸ ಕೌನ್ಸಿಲ್ ಆಗುವ ದಾರಿ ಹಿಡಿಯಿತು. ರೆಡಿಂಗ್ 2025ರಲ್ಲಿ ಟೈಲ್‌ಹರ್ಸ್ಟ್, ಕ್ಯಾಲ್ಕಾಟ್, ಪರ್ಲಿ ಸೇರಿದಂತೆ ಪಶ್ಚಿಮದ ಕೆಲವು ವಾರ್ಡುಗಳನ್ನು ತನ್ನೊಳಗೆ ತೆಗೆದುಕೊಳ್ಳುವ ಪ್ರಸ್ತಾಪ ಮುಂದಿಟ್ಟಿತು. ವೆಸ್ಟ್ ಬರ್ಕ್‌ಷೈರ್ ಅದನ್ನು ವಿರೋಧಿಸಿತು. ಗೆರೆ ಸರಿಸಿದರೆ ಕ್ಯಾಲ್ಕಾಟ್‌ನವರ ಸಮಸ್ಯೆ ಮುಗಿಯುತ್ತದೆ ನಿಜ. ಆದರೆ ಹೊಸ ಗೆರೆ ಎಲ್ಲಿ ಬೀಳುತ್ತದೋ ಅಲ್ಲಿ ಹೊಸಬರು ಹೊರಗುಳಿಯುತ್ತಾರೆ, ಮತ್ತು ಪಟ್ಟಣ ಇನ್ನೂ ಬೆಳೆಯುತ್ತಿದೆ. ಕಸದ ಒಂದು ಸಮಸ್ಯೆಗಾಗಿ ಒಂದು ಊರು ಯಾವ ಕೌನ್ಸಿಲ್ಲಿಗೆ ಸೇರಬೇಕೆಂದು ತೀರ್ಮಾನಿಸುವುದು ಅತಿಯಾಯಿತು. ಶಾಲೆ, ಯೋಜನೆ, ತೆರಿಗೆ ಎಷ್ಟೋ ವಿಷಯಗಳು ಅದರಲ್ಲಿವೆ.

ನನಗೆ ಹೆಚ್ಚು ಭರವಸೆ ಇರುವುದು ಗುತ್ತಿಗೆಗಳ ದಿನಾಂಕದಲ್ಲಿ. ರೀ3ರ 25 ವರ್ಷಗಳ ಗುತ್ತಿಗೆ 2031ರಲ್ಲಿ ಮುಗಿಯುತ್ತದೆ. ವೆಸ್ಟ್ ಬರ್ಕ್‌ಷೈರ್‌ನದು ಅದರ ಹಿಂದೆಯೇ ಮುಗಿಯುತ್ತದೆ. ಕಾಲು ಶತಮಾನದಲ್ಲಿ ಮೊದಲ ಬಾರಿಗೆ ಎರಡೂ ಕಡೆಯವರು ಬಹುತೇಕ ಒಂದೇ ಹೊತ್ತಿಗೆ ಹೊಸ ಕಾಗದ ಬರೆಯಬೇಕಾಗಿ ಬರುತ್ತದೆ. ನೆರೆಯ ಕೌನ್ಸಿಲ್ಲಿನ ನಿವಾಸಿಗಳ ಭೇಟಿಗೆ ದರ ಇಷ್ಟು, ಲೆಕ್ಕ ಕಾಯ್ದಿರಿಸಿದ ದಾಖಲೆಯಿಂದ, ಪಾವತಿ ವರ್ಷಕ್ಕೊಮ್ಮೆ, ಎರಡೂ ದಿಕ್ಕಿನಲ್ಲಿ ಎಂಬ ನಾಲ್ಕು ಸಾಲು ಆ ಕಾಗದಗಳಲ್ಲಿ ಸೇರಬೇಕು. ಟೆಂಡರಿನ ಷರತ್ತುಗಳು ಸಿದ್ಧವಾಗುವುದು ಗುತ್ತಿಗೆ ಮುಗಿಯುವ ಎರಡು ಮೂರು ವರ್ಷ ಮೊದಲೇ. ಕ್ಯಾಲ್ಕಾಟ್, ಟೈಲ್‌ಹರ್ಸ್ಟ್, ಪರ್ಲಿಯಲ್ಲಿ ನೆಲೆಸಿದವರು, ಕನ್ನಡಿಗರೂ ಸೇರಿ, ತಮ್ಮ ವಾರ್ಡಿನ ಕೌನ್ಸಿಲರ್‌ಗೆ ಪತ್ರ ಬರೆಯಬೇಕಾದದ್ದು ಆ ಷರತ್ತುಗಳು ಮೇಜಿನ ಮೇಲೆ ಇರುವಾಗ, ಸಹಿ ಬಿದ್ದ ಮೇಲಲ್ಲ.